ಮಾಗಿಯ ಕೊಟ್ಟಿಗೆ: ಕತ್ತಲಗೆರೆ ಸೀಮೆಯ ಮನೆತನದ ಹೈನುಗಾರಿಕೆಯಲ್ಲಿ ಡಿಸೆಂಬರ್ ಮಾಸದ ಸ್ಥಾನ

ಪೀಠಿಕೆ

ಕ್ರಿಸ್‌ಮಸ್ ಹಬ್ಬದ ಸಮಯದಲ್ಲಿ ಕ್ರೈಸ್ತರ ಮನೆಗಳಲ್ಲಿಯೂ ಚರ್ಚುಗಳಲ್ಲಿಯೂ ನಿರ್ಮಿಸುವ ಯೇಸುಜನನದ ದೃಶ್ಯಕ್ಕೆ ಕನ್ನಡದಲ್ಲಿ ‘ಗೋದಲಿ’ ಎಂಬ ಹೆಸರು ರೂಢವಾಗಿದೆ. ಈ ಪದವು ಹೊಸದಾಗಿ ಸೃಷ್ಟಿಸಿದುದಲ್ಲ; ದನಗಳಿಗೆ ಮೇವು ಹಾಕುವ ತೊಟ್ಟಿಗೆ ನಮ್ಮ ರೈತರು ಮೊದಲಿನಿಂದಲೂ ಬಳಸುತ್ತಿದ್ದ ಮಾತೇ ಅದು. ೧೨೨೩ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸನು ಜೀವಂತ ಪಶುಗಳನ್ನೂ ಹುಲ್ಲನ್ನೂ ಇರಿಸಿ ಈ ದೃಶ್ಯವನ್ನು ರಚಿಸಿದನೆಂಬುದು ಪ್ರಸಿದ್ಧ. ಅಂದಿನಿಂದ ಯೂರೋಪಿನ ಜನರ ಕಲ್ಪನೆಯಲ್ಲಿ ಚಳಿಗಾಲ, ಹುಲ್ಲು, ಕೊಟ್ಟಿಗೆ ಮತ್ತು ಹಬ್ಬ ಇವು ಒಂದಕ್ಕೊಂದು ಬೆಸೆದುಕೊಂಡಿವೆ.

ಆದರೆ ಅದೇ ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿನ ಹೈನುಮನೆಯ ಸ್ಥಿತಿಗೂ ನಮ್ಮ ನಾಡಿನ ಹೈನುಮನೆಯ ಸ್ಥಿತಿಗೂ ಇರುವ ಅಂತರವು ಅಲ್ಪವಾದುದಲ್ಲ. ಐರ್ಲೆಂಡಿನಂತಹ ದೇಶದಲ್ಲಿ ಹಸುಗಳು ವಸಂತದಲ್ಲಿ ಕರು ಹಾಕುವಂತೆ ವ್ಯವಸ್ಥೆ ಮಾಡಿಕೊಂಡಿರುವುದರಿಂದ ಕ್ರಿಸ್‌ಮಸ್ ವೇಳೆಗೆ ಬಹುಪಾಲು ಹಸುಗಳ ಹಾಲು ಬತ್ತಿಸಲ್ಪಟ್ಟಿರುತ್ತದೆ. ಪಶುವಿಗೂ ಒಡೆಯನಿಗೂ ಅದು ವಿಶ್ರಾಂತಿಯ ಕಾಲ. ನಮ್ಮಲ್ಲಿಯಾದರೋ ಅದು ಹಾಲಿನ ಹೊಳೆ ಹರಿಯುವ ಕಾಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಕತ್ತಲಗೆರೆ ಮತ್ತು ಅದರ ಸುತ್ತಣ ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಈ ವ್ಯತ್ಯಾಸದ ಕಾರಣಗಳೇನು, ಮಾಗಿಯ ದಿನಗಳಲ್ಲಿ ಎರಡು ಮೂರು ಹಸುಗಳನ್ನು ಸಾಕುವ ಕುಟುಂಬವು ಯಾವ ಯಾವ ಕೆಲಸಗಳಲ್ಲಿ ತೊಡಗಿರುತ್ತದೆ, ಆ ಕೆಲಸಗಳ ಮೇಲೆ ಮುಂದಿನ ವರ್ಷದ ಯಾವ ಲಾಭನಷ್ಟಗಳು ನಿಂತಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

೧. ಸ್ಥಳ ಮತ್ತು ಕಾಲ

ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ೧೯೯೭ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆ ವರ್ಷ ನೂತನವಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿದುವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಜಗಳೂರು ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಬಯಲುಸೀಮೆ. ಆಡಳಿತದ ದೃಷ್ಟಿಯಿಂದ ಇವೆಲ್ಲವೂ ಒಂದೇ ಜಿಲ್ಲೆಯವಾದರೂ ದನದ ಮೇವಿನ ದೃಷ್ಟಿಯಿಂದ ಎರಡು ಬೇರೆ ಬೇರೆ ಲೋಕಗಳು. ಕತ್ತಲಗೆರೆಯ ಕಡೆ ಭದ್ರಾ ನಾಲೆಯ ನೀರು, ಬತ್ತದ ಗದ್ದೆ, ಅಡಕೆಯ ತೋಟ. ಜಗಳೂರಿನ ಕಡೆ ಮಳೆಯಾಶ್ರಯದ ಜೋಳ, ರಾಗಿ, ಮೆಕ್ಕೆಜೋಳ, ಶೇಂಗಾ.

ಭದ್ರಾ ಅಣೆಕಟ್ಟಿನ ಕಾರ್ಯವು ೧೯೪೭ರಲ್ಲಿ ಆರಂಭವಾಗಿ ೧೯೬೫ರಲ್ಲಿ ಮುಗಿಯಿತು. ಲಕ್ಕವಳ್ಳಿಯ ಬಳಿಯಿಂದ ಹೊರಟ ಬಲದಂಡೆ ನಾಲೆಯು ಈ ಸೀಮೆಯ ಬೇಸಾಯದ ಪಂಚಾಂಗವನ್ನೇ ಬದಲಾಯಿಸಿತು. ಮಳೆಗಾಲದ ಬೆಳೆಗೆ ಬಿಟ್ಟ ನೀರು ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಹೊತ್ತಿಗೆ ನಿಲ್ಲುತ್ತದೆ. ಬೇಸಿಗೆಯ ಬೆಳೆಗೆ, ಜಲಾಶಯದಲ್ಲಿ ಸಂಗ್ರಹವಿದ್ದ ವರ್ಷಗಳಲ್ಲಿ, ಜನವರಿಯಲ್ಲಿ ಮತ್ತೆ ಬಿಡಲಾಗುತ್ತದೆ. ಇವೆರಡರ ನಡುವಣ ಬಿಡುವೇ ಡಿಸೆಂಬರ್. ನಾಲೆ ಒಣಗಿರುತ್ತದೆ, ಗದ್ದೆ ಬಯಲಾಗಿರುತ್ತದೆ, ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಪಂಚಾಂಗದಲ್ಲಿ ಇದು ಮಾರ್ಗಶಿರದ ಉತ್ತರಾರ್ಧ ಮತ್ತು ಪುಷ್ಯದ ಆರಂಭ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಕ್ರಿಸ್‌ಮಸ್ ಹಬ್ಬವು ಈ ಧನುರ್ಮಾಸದೊಳಗೇ ಬರುವುದರಿಂದ, ಬೆಳಗಿನ ಜಾವದಲ್ಲಿ ಒಂದೆಡೆ ದೇವಾಲಯದ ಪೂಜೆಯ ಗಂಟೆಯೂ ಇನ್ನೊಂದೆಡೆ ಕೊಟ್ಟಿಗೆಯ ಕೊರಳಗಂಟೆಯೂ ಕೇಳಿಸುವ ಕಾಲವಿದು.

ಈ ಸೀಮೆಗೆ ಗೋಸಂಪತ್ತಿನ ಸಂಪ್ರದಾಯ ಹೊಸದಲ್ಲ. ಸಮೀಪದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಹೆಸರಿನಲ್ಲಿ ಬೆಣ್ಣೆ ಮತ್ತು ಅಮೃತಗಳಿದ್ದರೂ ಆ ತಳಿಯ ನಿಜವಾದ ಹಿರಿಮೆ ಎತ್ತುಗಳ ವೇಗ ಮತ್ತು ಸಹಿಷ್ಣುತೆಯಲ್ಲಿತ್ತು. ಹಾಲು ಕರುವಿಗೆ ಸಾಲುವಷ್ಟು ಮಾತ್ರ. ಇಂದು ಕತ್ತಲಗೆರೆ ಕಡೆಯ ಮನೆಗಳಲ್ಲಿ ಹಾಲಿಗಾಗಿ ಕಾಣಬರುವುದು ಬಹುಮಟ್ಟಿಗೆ ಹೋಲ್‌ಸ್ಟೀನ್ ಮತ್ತು ಜರ್ಸಿ ರಕ್ತದ ಮಿಶ್ರತಳಿಯ ಹಸುಗಳು, ಜೊತೆಗೆ ಎಮ್ಮೆಗಳು. ಮಾಗಿಯ ಪರಿಣಾಮವನ್ನು ಅರಿಯಲು ಈ ತಳಿಭೇದವನ್ನು ನೆನಪಿನಲ್ಲಿಡುವುದು ಅವಶ್ಯ.

೨. ಮಾಗಿಯಲ್ಲಿ ಹಾಲು ಹೆಚ್ಚುವುದೇಕೆ?

ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಉಷ್ಣತೆ. ಹೋಲ್‌ಸ್ಟೀನ್ ಹಸುವಿನ ಮೂಲಸ್ಥಾನವು ಶೀತಪ್ರದೇಶ. ಸುತ್ತಣ ಗಾಳಿಯ ಉಷ್ಣತೆ ಸುಮಾರು ೨೫ ಡಿಗ್ರಿ ಸೆಲ್ಸಿಯಸ್ ಮೀರಿದೊಡನೆ ಅದು ತನ್ನ ಶರೀರದ ಶಾಖವನ್ನು ಹೊರಹಾಕಲು ಶ್ರಮಪಡಬೇಕಾಗುತ್ತದೆ, ಮೇವು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಏದುಸಿರು ಬಿಡುವ ಅದೇ ಹಸು ಡಿಸೆಂಬರಿನಲ್ಲಿ ನೆಮ್ಮದಿಯಿಂದ ಮೆಲುಕು ಹಾಕುತ್ತದೆ. ನಮಗೆ ಕಂಬಳಿ ಹೊದೆಯಬೇಕೆನಿಸುವ ರಾತ್ರಿಯು ಅದಕ್ಕೆ ಹಿತವಾದ ರಾತ್ರಿ. ಎಮ್ಮೆಗೂ ಇದು ಅನ್ವಯಿಸುತ್ತದೆ. ಕಪ್ಪುಚರ್ಮವೂ ವಿರಳವಾದ ಬೆವರುಗ್ರಂಥಿಗಳೂ ಉಳ್ಳ ಅದಕ್ಕೆ ಬಿಸಿಲು ದೊಡ್ಡ ಶತ್ರು.

ಎರಡನೆಯದು ಕರು ಹಾಕುವ ಕಾಲ. ಎಮ್ಮೆಯು ಹಗಲು ಕಿರಿದಾಗುವ ದಿನಗಳಲ್ಲಿ ಹೆಚ್ಚಾಗಿ ಬೆದೆಗೆ ಬರುವ ಪ್ರಾಣಿ. ಅದರ ಗರ್ಭಾವಧಿ ಸುಮಾರು ೩೧೦ ದಿನ. ಆದುದರಿಂದ ಹಿಂದಿನ ವರ್ಷದ ಶರತ್ತು ಮತ್ತು ಮಾಗಿಯಲ್ಲಿ ಗಬ್ಬವಾದವು ಈ ವರ್ಷದ ಮಳೆಗಾಲದ ನಡುವಿನಿಂದ ನವೆಂಬರ್‌ವರೆಗೆ ಈಯುತ್ತವೆ. ಈದ ಬಳಿಕ ಒಂದೆರಡು ತಿಂಗಳಲ್ಲಿ ಹಾಲು ಪರಮಾವಧಿಯನ್ನು ಮುಟ್ಟುವುದರಿಂದ ಡಿಸೆಂಬರಿನಲ್ಲಿ ಕರೆಯುವ ಎಮ್ಮೆಗಳ ಸಂಖ್ಯೆಯೂ ಒಂದೊಂದರ ಹಾಲೂ ಕೂಡಿಬರುತ್ತವೆ. ಕತ್ತಲಗೆರೆಯು ೧೪ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಅತಿ ಕಿರಿಯ ಹಗಲು ಸಹ ಸುಮಾರು ಹನ್ನೊಂದೂಕಾಲು ಗಂಟೆಯಷ್ಟಿರುತ್ತದೆ. ಡಬ್ಲಿನ್ ನಗರದಲ್ಲಿ ಅದು ಏಳೂವರೆ ಗಂಟೆ ಮಾತ್ರ. ಹೀಗಾಗಿ ಉತ್ತರಭಾರತದಲ್ಲಿ ಕಾಣುವಷ್ಟು ಕಟ್ಟುನಿಟ್ಟಾದ ಋತುಬದ್ಧತೆ ನಮ್ಮಲ್ಲಿ ಇರದಿದ್ದರೂ ಅದರ ಛಾಯೆ ಇದ್ದೇ ಇದೆ. ಹಸುವಿಗೆ ಇಂತಹ ನಿಯಮವಿಲ್ಲ. ಅದು ವರ್ಷವಿಡೀ ಬೆದೆಗೆ ಬರುತ್ತದೆ.

ಮೂರನೆಯದು ಮೇವು. ಬದುವಿನ ಹಸಿರು ಇನ್ನೂ ಆರಿರುವುದಿಲ್ಲ. ಕೊಯ್ದ ಗದ್ದೆಯಲ್ಲಿ ಕೂಳೆ ಚಿಗುರುತ್ತದೆ. ಮೆಕ್ಕೆಜೋಳದ ದಂಟು ಹೇರಳವಾಗಿರುತ್ತದೆ. ಮಳೆಗಾಲದ ಕೆಸರು ಹೋಗಿ ಕೊಟ್ಟಿಗೆಯ ನೆಲ ಒಣಗಿರುವುದೂ ಗೊರಸಿನ ಮತ್ತು ಕೆಚ್ಚಲಿನ ಆರೋಗ್ಯಕ್ಕೆ ಸಹಾಯಕ.

೩. ಮನೆಮಂದಿಯ ದಿನಚರಿ

ಸುಗ್ಗಿಯ ಆಯಾಸವು ಆರುವ ಮುನ್ನವೇ ಹಾಲಿನ ಹೆಚ್ಚಳ ಬರುವುದು ಈ ಕಾಲದ ವೈಶಿಷ್ಟ್ಯ. ಬೆಳಿಗ್ಗೆ ಐದು ಗಂಟೆಗೆ, ಇಬ್ಬನಿ ಸೂರಿನಿಂದ ತೊಟ್ಟಿಕ್ಕುತ್ತಿರುವಾಗ, ಮನೆಯ ಹೆಂಗಸು ಕೊಟ್ಟಿಗೆಗೆ ಇಳಿಯುತ್ತಾಳೆ. ಸಗಣಿ ಬಾಚುವುದು, ಗಂಜಲದ ಕಾಲುವೆಯನ್ನು ತೊಳೆಯುವುದು, ಹಿಂಡಿಯನ್ನು ಕಲಸುವುದು, ಕರೆಯುವುದು, ಹಾಲನ್ನು ಸಂಘಕ್ಕೆ ಒಯ್ಯುವುದು, ಇವೆಲ್ಲವೂ ಸೂರ್ಯೋದಯದ ಆಸುಪಾಸಿನಲ್ಲಿ ಮುಗಿಯಬೇಕು. ಸಂಜೆ ಇದೇ ಕ್ರಮದ ಪುನರಾವೃತ್ತಿ. ಹಬ್ಬವಿರಲಿ, ಮದುವೆಯಿರಲಿ, ಮನೆಯಲ್ಲಿ ಕಾಯಿಲೆಯಿರಲಿ, ಈ ಎರಡು ಹೊತ್ತುಗಳಿಗೆ ರಜೆಯಿಲ್ಲ. ಹೈನುಗಾರಿಕೆಯ ಲೆಕ್ಕಪತ್ರಗಳಲ್ಲಿ ಹಿಂಡಿಯ ಬೆಲೆ ಬರುತ್ತದೆ, ಔಷಧಿಯ ಬೆಲೆ ಬರುತ್ತದೆ. ಈ ಬೆಳಗಿನ ಜಾವದ ಬೆಲೆ ಮಾತ್ರ ಪ್ರಾಯಶಃ ಬರುವುದಿಲ್ಲ.

ಚಳಿಯಲ್ಲಿ ಕೆಚ್ಚಲನ್ನು ಉಗುರುಬೆಚ್ಚನೆಯ ನೀರಿನಿಂದ ತೊಳೆಯುವ ಪದ್ಧತಿಯುಂಟು. ಇದು ಕೇವಲ ಶುಚಿತ್ವವಲ್ಲ. ಮೊಲೆಗೆ ಹಿತವಾದ ಸ್ಪರ್ಶವಾದೊಡನೆ ಹಸುವಿನ ಮಿದುಳಿನ ತಳದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸವು ರಕ್ತಕ್ಕೆ ಸೇರಿ ಹಾಲನ್ನು ಇಳಿಸುತ್ತದೆ. ಈ ಪ್ರಭಾವವು ಕೆಲವೇ ನಿಮಿಷಗಳ ಕಾಲ ಇರುತ್ತದೆ. ಅಷ್ಟರೊಳಗೆ ಕರೆದು ಮುಗಿಸಬೇಕು. ತಣ್ಣನೆಯ ಕೈಯಾಗಲಿ ಗದರಿಕೆಯಾಗಲಿ ಈ ಕ್ರಿಯೆಯನ್ನು ತಡೆಯುತ್ತದೆ. ‘ಹಸು ಹಾಲು ಕದ್ದಿತು’ ಎಂದು ಜನ ಹೇಳುವುದು ಇದನ್ನೇ.

ಕುಡಿಯುವ ನೀರಿನ ವಿಷಯವೂ ಗಮನಾರ್ಹ. ಹಾಲಿನಲ್ಲಿ ನೂರಕ್ಕೆ ೮೭ ಭಾಗದಷ್ಟು ನೀರೇ ಇರುವುದರಿಂದ ಕರೆಯುವ ಹಸುವಿಗೆ ಚಳಿಗಾಲದಲ್ಲಿಯೂ ಯಥೇಚ್ಛ ನೀರು ಬೇಕು. ರಾತ್ರಿಯಿಡೀ ತೊಟ್ಟಿಯಲ್ಲಿ ತಣಿದ ನೀರನ್ನು ಅದು ಸಾಕಷ್ಟು ಕುಡಿಯುವುದಿಲ್ಲ. ಆಗತಾನೆ ಕೊಳವೆಬಾವಿಯಿಂದ ಎತ್ತಿದ ನೀರು ಬೆಚ್ಚಗಿರುವುದರಿಂದ ಅದನ್ನೇ ಕುಡಿಸುವುದು ಲೇಸು.

ಅಡಿಗೆಮನೆಯಲ್ಲಿಯೂ ಮಾಗಿಯ ಕುರುಹುಗಳಿವೆ. ಹೆಪ್ಪಿಗೆ ಹಾಕಿದ ಹಾಲು ಬೇಸಿಗೆಯಲ್ಲಿ ಐದಾರು ಗಂಟೆಗಳಲ್ಲಿ ಮೊಸರಾದರೆ ಈಗ ಬೆಳಗಾದರೂ ನೀರುನೀರಾಗಿಯೇ ಇರುತ್ತದೆ. ಹುದುಗಿಸುವ ಜೀವಾಣುಗಳಿಗೆ ೩೦ ಡಿಗ್ರಿಗಿಂತ ಮೇಲಣ ಉಷ್ಣತೆಯೇ ಪ್ರಿಯ. ಆದ್ದರಿಂದ ಪಾತ್ರೆಯನ್ನು ಒಲೆಯ ಬದಿಗಿಟ್ಟು, ಗೋಣಿಯಲ್ಲಿ ಸುತ್ತಿ, ಹೆಪ್ಪನ್ನು ತುಸು ಹೆಚ್ಚಾಗಿ ಹಾಕುತ್ತಾರೆ. ಕಡೆಯುವಾಗ ಬೆಣ್ಣೆ ಬೇಗ ಕೂಡದಿದ್ದರೆ ಬಿಸಿನೀರು ಬೆರೆಸುತ್ತಾರೆ. ಬೇಸಿಗೆಯಲ್ಲಿ ತಣ್ಣೀರು ಬೆರೆಸುವುದರ ಪ್ರತಿಕ್ರಮವಿದು. ಎರಡರ ತತ್ತ್ವವೂ ಒಂದೇ: ಕೊಬ್ಬಿನ ಕಣಗಳು ಅತಿ ಗಟ್ಟಿಯಾದರೂ ಅತಿ ಮೆತ್ತಗಾದರೂ ಒಂದಕ್ಕೊಂದು ಅಂಟುವುದಿಲ್ಲ.

೪. ಬಣವೆ: ವರ್ಷದ ಬೊಕ್ಕಸ

ಡಿಸೆಂಬರಿನ ಮುಖ್ಯ ಕಾರ್ಯವು ಹಾಲು ಕರೆಯುವುದಲ್ಲ, ಹುಲ್ಲು ಒಟ್ಟುವುದು ಎಂದರೆ ಅತಿಶಯೋಕ್ತಿಯಾಗದು. ಮಿಶ್ರತಳಿಯ ಒಂದು ಹಸುವಿಗೆ ದಿನಕ್ಕೆ ೭ ಕಿಲೋಗ್ರಾಂ ಒಣಹುಲ್ಲು ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು ಎರಡೂವರೆ ಟನ್ ಬೇಕಾಗುತ್ತದೆ. ಒಂದು ಎಕರೆಯಲ್ಲಿ ೨೫ ಕ್ವಿಂಟಲ್ ಬತ್ತ ಬೆಳೆದರೆ ಹುಲ್ಲೂ ಸ್ಥೂಲವಾಗಿ ಅಷ್ಟೇ ತೂಕ ಬರುತ್ತದೆ. ಅಂದರೆ ಒಂದು ಎಕರೆಯ ಒಂದು ಬೆಳೆಯ ಹುಲ್ಲು ಪೂರ್ತಿಯಾಗಿ ಮನೆ ಸೇರಿದರೆ ಒಂದು ಹಸುವಿನ ವರ್ಷದ ಆಧಾರ.

‘ಪೂರ್ತಿಯಾಗಿ’ ಎಂಬ ಮಾತೇ ಇಂದು ಕಷ್ಟವಾಗಿರುವುದು. ಕುಡುಗೋಲಿನಿಂದ ಬುಡಸಮೇತ ಕೊಯ್ದು, ಸಿವುಡು ಕಟ್ಟಿ, ಕಣದಲ್ಲಿ ಬಡಿದು, ಬಣವೆ ಒಟ್ಟುತ್ತಿದ್ದ ಕಾಲದಲ್ಲಿ ಹುಲ್ಲು ನೇರವಾಗಿ, ಉದ್ದವಾಗಿ, ಶುಚಿಯಾಗಿ ಉಳಿಯುತ್ತಿತ್ತು. ಈಗ ಕೂಲಿಯ ಅಭಾವದಿಂದ ಕೊಯ್ಲುಯಂತ್ರಗಳು ಬಂದಿವೆ. ಯಂತ್ರವು ತೆನೆಯ ಕೆಳಗೆ ಎತ್ತರದಲ್ಲಿ ಕತ್ತರಿಸುವುದರಿಂದ ಹುಲ್ಲಿನ ಗಣನೀಯ ಭಾಗ ಗದ್ದೆಯಲ್ಲಿಯೇ ನಿಲ್ಲುತ್ತದೆ; ಉಳಿದುದು ಚೂರಾಗಿ ಚೆಲ್ಲಾಡುತ್ತದೆ. ಅದನ್ನು ಸುತ್ತಿ ಕಟ್ಟುವ ಯಂತ್ರಕ್ಕೆ ಬೇರೆ ಬಾಡಿಗೆ. ಬೇಸಿಗೆಯ ಬೆಳೆಗೆ ಗದ್ದೆಯನ್ನು ಬೇಗ ಹದಗೊಳಿಸುವ ಅವಸರದಲ್ಲಿ ಕೆಲವರು ಹುಲ್ಲಿಗೆ ಬೆಂಕಿಯಿಡುವುದೂ ಉಂಟು. ಮೇ ತಿಂಗಳಿನಲ್ಲಿ ಕೊಂಡು ತರಬೇಕಾದ ವಸ್ತುವನ್ನು ಡಿಸೆಂಬರಿನಲ್ಲಿ ಸುಟ್ಟಂತಾಯಿತು.

ಬಣವೆಯ ರಚನೆಯು ಒಂದು ವಿದ್ಯೆ. ನೆಲದಿಂದ ತೇವವೇರದಂತೆ ಕಲ್ಲು ಮತ್ತು ಕಟ್ಟಿಗೆಯ ಅಟ್ಟಣೆ, ನಡುವು ತುಸು ಉಬ್ಬಿದ ಒಡಲು, ನೀರು ಜಾರುವಂತೆ ಇಳಿಜಾರಾದ ಮುಡಿ, ಇವು ಅದರ ಲಕ್ಷಣಗಳು. ಹುಲ್ಲಿನ ತೇವಾಂಶವು ನೂರಕ್ಕೆ ೧೫ಕ್ಕಿಂತ ಹೆಚ್ಚಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಮಾಗಿಯ ಇಬ್ಬನಿ ಇಲ್ಲಿ ಮೋಸಮಾಡಬಲ್ಲುದು: ಬೆಳಿಗ್ಗೆ ಒಟ್ಟಿದ ಹುಲ್ಲು ನೋಡಲು ಒಣಗಿದಂತಿದ್ದರೂ ಒಳಗೆ ಹಸಿಯಾಗಿರುತ್ತದೆ. ಆದಕಾರಣ ಬಿಸಿಲೇರಿ ಇಬ್ಬನಿ ಆರಿದ ಮೇಲೆಯೇ ಬಣವೆಗೆ ಕೈಹಾಕಬೇಕೆಂಬುದು ಹಿರಿಯರ ಕಟ್ಟಳೆ. ಶಾಸ್ತ್ರವೂ ಅದನ್ನೇ ಸಮರ್ಥಿಸುತ್ತದೆ. ಬೂಷ್ಟಿನ ವಿಷವು ಹಸುವಿನ ಯಕೃತ್ತನ್ನು ಕೆಡಿಸುವುದಲ್ಲದೆ ಅದರ ಅಂಶವು ಹಾಲಿನಲ್ಲಿಯೂ ಇಳಿಯುತ್ತದೆ. ಉತ್ತರಭಾರತದ ಮತ್ತು ಪಾಕಿಸ್ತಾನದ ಬತ್ತದ ಸೀಮೆಗಳಲ್ಲಿ ಚಳಿಗಾಲದಲ್ಲಿ ಬೂಷ್ಟುಹುಲ್ಲು ತಿಂದ ಎಮ್ಮೆಗಳ ಬಾಲ, ಕಿವಿ, ಗೊರಸುಗಳು ಕೊಳೆತು ಉದುರುವ ‘ದೇಗ್ನಾಲಾ’ ರೋಗವು ಇಂತಹುದೇ ಒಂದು ಎಚ್ಚರಿಕೆ.

೫. ಬತ್ತದ ಹುಲ್ಲಿನ ಕೊರತೆಗಳು, ಅವುಗಳ ಪರಿಹಾರ

ಹೊಟ್ಟೆ ತುಂಬುವುದು ಬೇರೆ, ಪೋಷಣೆಯಾಗುವುದು ಬೇರೆ. ಬತ್ತದ ಹುಲ್ಲಿನಲ್ಲಿ ಸಸಾರಜನಕವು ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ. ಮರಳಿನಂಶವಾದ ಸಿಲಿಕವು ಹೆಚ್ಚಾಗಿರುವುದರಿಂದ ಜೀರ್ಣಕ್ಕೆ ಕಷ್ಟ. ಆಕ್ಸಲೇಟ್ ಎಂಬ ಲವಣವು ಸುಣ್ಣದಂಶವನ್ನು ಹಿಡಿದಿಟ್ಟು ಪಶುವಿಗೆ ಒದಗದಂತೆ ಮಾಡುತ್ತದೆ. ಹೆಚ್ಚು ಹಾಲು ಕರೆಯುವ ಹಸು ಈದ ಮೊದಲ ದಿನಗಳಲ್ಲಿ ಹಠಾತ್ತನೆ ನಿಲ್ಲಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುವ ‘ಹಾಲುಜ್ವರ’ವು ರಕ್ತದಲ್ಲಿ ಸುಣ್ಣದಂಶ ಕುಸಿಯುವುದರಿಂದ ಬರುವಂತಹುದು; ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ತಕ್ಷಣ ಪಶುವೈದ್ಯರಿಂದ ಚಿಕಿತ್ಸೆಯಾಗದಿದ್ದರೆ ಪ್ರಾಣಾಪಾಯ.

ಜಗಳೂರಿನ ರೈತನು ನೀರಿಗೆ ಬಡವನಾದರೂ ಹುಲ್ಲಿನ ಗುಣದಲ್ಲಿ ಶ್ರೀಮಂತನೆಂಬುದನ್ನು ಇಲ್ಲಿ ಹೇಳಬೇಕು. ರಾಗಿಯ ಹುಲ್ಲಿನಲ್ಲಿ ಸುಣ್ಣದಂಶ ಹೆಚ್ಚು, ಸಿಲಿಕ ಕಡಿಮೆ. ದನಗಳು ಅದನ್ನು ಆಸೆಯಿಂದ ತಿನ್ನುತ್ತವೆ. ಶೇಂಗಾದ ಬಳ್ಳಿಯಂತೂ ದ್ವಿದಳದ ಸತ್ತ್ವವುಳ್ಳದ್ದು. ನಾಲೆಯ ಸೀಮೆಗೂ ಬಯಲುಸೀಮೆಗೂ ಹುಲ್ಲಿನ ವಿನಿಮಯ ನಡೆದಲ್ಲಿ ಇಬ್ಬರಿಗೂ ಹಿತ.

ಬತ್ತದ ಹುಲ್ಲನ್ನು ಸುಧಾರಿಸುವ ಸುಲಭ ಮಾರ್ಗವೊಂದಿದೆ. ೧೦೦ ಕಿಲೋಗ್ರಾಂ ಹುಲ್ಲಿಗೆ ೪ ಕಿಲೋಗ್ರಾಂ ಯೂರಿಯಾವನ್ನು ಸುಮಾರು ೫೦ ಲೀಟರ್ ನೀರಿನಲ್ಲಿ ಕರಗಿಸಿ ಪದರಪದರವಾಗಿ ಸಿಂಪಡಿಸಿ, ತುಳಿದು, ಗಾಳಿಯಾಡದಂತೆ ಹೊದಿಸಿ, ೨೧ ದಿನ ಬಿಡಬೇಕು. ಯೂರಿಯಾದಿಂದ ಹೊರಟ ಅಮೋನಿಯವು ನಾರನ್ನು ಸಡಿಲಗೊಳಿಸುತ್ತದೆ. ಸಸಾರಜನಕದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಗೆದ ಹುಲ್ಲನ್ನು ಒಂದಷ್ಟು ಹೊತ್ತು ಗಾಳಿಗೆ ಹರಡಿ, ಘಾಟು ಹೋದ ಮೇಲೆ ಕೊಡಬೇಕು. ಅಳತೆ ಮೀರಿದರೆ ಯೂರಿಯಾ ವಿಷವೇ ಸರಿ. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಡಿಸೆಂಬರ್ ಮೊದಲ ವಾರದಲ್ಲಿ ಈ ಕೆಲಸ ಮಾಡಿದವನಿಗೆ ಕ್ರಿಸ್‌ಮಸ್ ಹೊತ್ತಿಗೆ ಹದವಾದ ಹುಲ್ಲು ದೊರೆಯುತ್ತದೆ. ಇದರೊಡನೆ ದಿನಕ್ಕಷ್ಟು ಖನಿಜಮಿಶ್ರಣವನ್ನೂ, ಚಳಿಯಲ್ಲಿ ಬೆಳೆಯುವ ಕುದುರೆಮಸಾಲೆ ಸೊಪ್ಪನ್ನೂ ಸೇರಿಸಿದರೆ ಉತ್ತಮ. ಮಿಶ್ರ ನೇಪಿಯರ್ ಹುಲ್ಲಿನ ಬೆಳವಣಿಗೆ ಚಳಿಯಲ್ಲಿ ಕುಗ್ಗುವುದರಿಂದ ಅದೊಂದನ್ನೇ ನೆಚ್ಚಬಾರದು.

೬. ಮಾಗಿಯ ಕರು

ಹಸುವಿಗೆ ಹಿತವಾದ ಚಳಿ ಎಳಗರುವಿಗೆ ಹಿತವಲ್ಲ. ಹುಟ್ಟಿದ ಕರು ಒದ್ದೆಯಾಗಿರುತ್ತದೆ. ಮೈಯಲ್ಲಿ ಕೊಬ್ಬು ಕಡಿಮೆ. ಸುಮಾರು ೧೫ ಡಿಗ್ರಿಗಿಂತ ಕೆಳಗೆ ಅದು ಮೈಶಾಖವನ್ನು ಕಾಯ್ದುಕೊಳ್ಳಲು ತನ್ನ ಶಕ್ತಿಯನ್ನೇ ಸುಡಬೇಕಾಗುತ್ತದೆ. ಈ ಸೀಮೆಯ ಮಾಗಿಯ ಬೆಳಗಿನ ಜಾವ ಅದೇ ಅಂಚಿನಲ್ಲಿರುತ್ತದೆ. ಒರಸಿ ಒಣಗಿಸಿದ ಮೈ, ದಪ್ಪನೆಯ ಹುಲ್ಲಿನ ಹಾಸು, ನೆಲಮಟ್ಟದ ಗಾಳಿಯನ್ನು ತಡೆಯುವ ಗೋಣಿಯ ತೆರೆ, ಇವಿಷ್ಟೇ ಅದಕ್ಕೆ ಬೇಕಾದ ರಕ್ಷಣೆ.

ಅದಕ್ಕಿಂತ ಮಿಗಿಲಾದುದು ಗಿಣ್ಣುಹಾಲು. ರೋಗನಿರೋಧಕ ವಸ್ತುಗಳು ಗರ್ಭದಲ್ಲಿ ತಾಯಿಯಿಂದ ಕರುವಿಗೆ ದಾಟುವುದಿಲ್ಲ. ಗಿಣ್ಣಿನ ಮೂಲಕವೇ ಬರಬೇಕು. ಕರುವಿನ ಕರುಳು ಅವುಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಮೊದಲ ಎರಡು ಗಂಟೆಗಳೊಳಗೆ ಗಿಣ್ಣು ಕುಡಿಸಬೇಕು. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಸೇರಬೇಕು. ‘ಕಸ ಬೀಳುವವರೆಗೆ ಕುಡಿಸಬಾರದು’ ಎಂಬ ನಂಬಿಕೆಯಿಂದ ಕಾಯ್ದು ಕೂರುವುದರಿಂದ ಹಾನಿಯೇ ಹೊರತು ಲಾಭವಿಲ್ಲ. ಗಿಣ್ಣನ್ನು ನೆರೆಹೊರೆಗೆ ಹಂಚುವ ಸಂಪ್ರದಾಯ ಸುಂದರವಾದುದು; ಆದರೆ ಮೊದಲ ಪಾಲು ಕರುವಿನದು.

ಸಾಂಕ್ರಾಮಿಕಗಳ ಪೈಕಿ ಕಾಲುಬಾಯಿ ರೋಗದ ಭಯ ಈ ಋತುವಿನಲ್ಲಿ ಮರೆಯತಕ್ಕದ್ದಲ್ಲ. ೨೦೧೩ರಲ್ಲಿ ಕರ್ನಾಟಕದಾದ್ಯಂತ ಅದು ಹಬ್ಬಿ ಸಾವಿರಾರು ದನಗಳನ್ನು ಬಲಿತೆಗೆದುಕೊಂಡಿತು. ಮಿಶ್ರತಳಿಯವೇ ಹೆಚ್ಚು ನೊಂದವು. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಂತೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಕ್ರಮವಿದೆ. ಲಸಿಕೆಯಿಂದ ಎರಡು ಮೂರು ದಿನ ಹಾಲು ತುಸು ಇಳಿಯುವುದೆಂದು ಹಿಂಜರಿಯುವವರು, ರೋಗ ಬಂದರೆ ಇಡೀ ಸೂಲಿನ ಹಾಲೇ ಹೋಗುವುದೆಂಬುದನ್ನು ನೆನೆಯಬೇಕು.

೭. ಹೆಚ್ಚಳದ ಲಾಭ ಯಾರಿಗೆ?

ಕರ್ನಾಟಕದಲ್ಲಿ ಸಂಘಟಿತ ಹೈನುಗಾರಿಕೆಯು ೧೯೫೫ರಲ್ಲಿ ಕೊಡಗಿನ ಕೂಡಿಗೆಯ ಡೇರಿಯಿಂದ ಮೊದಲಾಯಿತು. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಹೈನು ಅಭಿವೃದ್ಧಿ ಯೋಜನೆ ಬಂದಿತು. ೧೯೮೪ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. ಶಿವಮೊಗ್ಗದ ಹಾಲು ಒಕ್ಕೂಟವು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಈ ಮೂರು ಜಿಲ್ಲೆಗಳನ್ನೂ ಒಳಗೊಂಡು ಬೆಳೆಯಿತು. ದಿನಕ್ಕೆರಡು ಬಾರಿ ಹಾಲನ್ನು ಅಳೆದು, ಕೊಬ್ಬಿನ ಮತ್ತು ಇತರ ಘನಾಂಶಗಳ ಆಧಾರದಿಂದ ಬೆಲೆ ಕಟ್ಟಿ, ಹಣ ಸಲ್ಲಿಸುವ ವ್ಯವಸ್ಥೆಯು ಸಣ್ಣ ಹಿಡುವಳಿದಾರನಿಗೆ ಬತ್ತವಾಗಲಿ ಅಡಕೆಯಾಗಲಿ ಕೊಡಲಾರದ ಒಂದನ್ನು ಕೊಟ್ಟಿತು: ವಾರವಾರವೂ ಕೈಗೆ ಬರುವ ಹಣ. ೨೦೦೮ರಿಂದ ಸರ್ಕಾರವು ಲೀಟರಿಗೆ ಇಂತಿಷ್ಟೆಂದು ಪ್ರೋತ್ಸಾಹಧನವನ್ನೂ ಸೇರಿಸಿತು.

ಆದರೆ ಎಲ್ಲೆಡೆಯೂ ಏಕಕಾಲಕ್ಕೆ ಹಾಲು ಹೆಚ್ಚಿದಾಗ ಒಕ್ಕೂಟಗಳು ಅದನ್ನು ಪುಡಿಯಾಗಿಯೂ ಬೆಣ್ಣೆಯಾಗಿಯೂ ಪರಿವರ್ತಿಸಬೇಕಾಗುತ್ತದೆ. ಅವುಗಳ ಬೆಲೆ ಕುಸಿದ ವರ್ಷಗಳಲ್ಲಿ ಖರೀದಿದರವನ್ನು ಇಳಿಸುವುದೂ ಉಂಟು. ಹೀಗಾಗಿ ಮಾಗಿಯ ಹೆಚ್ಚುವರಿ ಹಾಲು ಅಷ್ಟೇ ಪ್ರಮಾಣದ ಹೆಚ್ಚುವರಿ ಆದಾಯವಾಗುವುದೆಂಬ ಭರವಸೆಯಿಲ್ಲ. ಮನೆತನದ ಹೈನುಗಾರಿಕೆಯ ಲಾಭವು ಹಾಲಿನ ಬೆಲೆಯಿಂದ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಮೇವಿನ ಬೆಲೆಯಿಂದ ನಿರ್ಧಾರವಾಗುತ್ತದೆ. ಸ್ವಂತ ಬಣವೆಯುಳ್ಳವನು ದರ ಇಳಿದರೂ ಬದುಕುತ್ತಾನೆ. ಹುಲ್ಲನ್ನೂ ಹಿಂಡಿಯನ್ನೂ ಕೊಳ್ಳುವವನು ದರ ಏರಿದಾಗಲೂ ತೊಳಲುತ್ತಾನೆ.

ಇಲ್ಲಿಯೇ ಈ ಸೀಮೆಯ ನಿಜವಾದ ಸಮಸ್ಯೆಯಿದೆ. ಚನ್ನಗಿರಿ ಸೀಮೆಯಲ್ಲಿ ಬತ್ತದ ಗದ್ದೆಗಳು ಅಡಕೆಯ ತೋಟಗಳಾಗುತ್ತಿವೆ. ಅಡಕೆಯ ಬೆಲೆಯನ್ನು ನೋಡಿದರೆ ರೈತನ ಆಯ್ಕೆಯನ್ನು ತಪ್ಪೆನ್ನಲಾಗದು. ಆದರೆ ಅಡಕೆಯ ತೋಟ ಬಣವೆಯನ್ನು ಕೊಡುವುದಿಲ್ಲ. ಹಿಂದೆ ಗದ್ದೆಯು ಹಸುವಿಗೆ ಹುಲ್ಲು ಕೊಡುತ್ತಿತ್ತು, ಹಸುವು ಗದ್ದೆಗೆ ಗೊಬ್ಬರ ಕೊಡುತ್ತಿತ್ತು. ಈಗ ಹಸುವಿನ ಗೊಬ್ಬರ ತೋಟಕ್ಕೆ ಹೋಗುತ್ತದೆ, ತೋಟದಿಂದ ಹಸುವಿಗೆ ಹಿಂತಿರುಗುವುದು ಅತ್ಯಲ್ಪ. ಉದುರಿದ ಅಡಕೆಯ ಹಾಳೆಯನ್ನು ಚೂರುಮಾಡಿ ಒಣಹುಲ್ಲಿಗೆ ಬದಲಾಗಿ ತಕ್ಕಮಟ್ಟಿಗೆ ಬಳಸಬಹುದೆಂಬುದು ಅನುಭವಸಿದ್ಧ. ಔಷಧಿ ಸಿಂಪಡಿಸಿದ ತೋಟದ ಹಾಳೆಯನ್ನು ಮಾತ್ರ ವರ್ಜಿಸಬೇಕು. ತೋಟದ ಅಂಚಿನಲ್ಲಿ ಮೇವಿನ ಹುಲ್ಲು, ಬದುಗಳಲ್ಲಿ ಅಗಸೆ ಮತ್ತು ನುಗ್ಗೆಯ ಮರ, ಹಾಲುಕಾಳಿನ ಹಂತದಲ್ಲಿ ಕೊಯ್ದ ಮೆಕ್ಕೆಜೋಳದ ರಸಮೇವು, ಇವು ಇತರ ದಾರಿಗಳು. ರಸಮೇವಿನ ಗುಂಡಿಯನ್ನು ಮುಚ್ಚಿ ಸುಮಾರು ೪೫ ದಿನಗಳಾದ ಮೇಲೆ ತೆರೆಯಬಹುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಡಿಸೆಂಬರ್ ಮಾಸಕ್ಕೆ ಕತ್ತಲಗೆರೆ ಸೀಮೆಯ ಹೈನುಮನೆಯಲ್ಲಿ ಎರಡು ಮುಖಗಳಿರುವುದು ವಿದಿತವಾಗುತ್ತದೆ. ಒಂದು, ಪಾತ್ರೆ ತುಂಬುವ ಹಾಲಿನ ಮುಖ. ಅದು ಎಲ್ಲರಿಗೂ ಕಾಣುತ್ತದೆ. ಇನ್ನೊಂದು, ಬಣವೆಯ ಮುಖ. ಅದರ ಬೆಲೆ ಏಪ್ರಿಲ್ ಮೇ ತಿಂಗಳುಗಳಲ್ಲಿ ತಿಳಿಯುತ್ತದೆ. ಶೀತದೇಶದ ರೈತನು ಬೇಸಿಗೆಯಲ್ಲಿ ಹುಲ್ಲು ಕೂಡಿಟ್ಟು ಚಳಿಗಾಲವನ್ನು ದಾಟುತ್ತಾನೆ. ನಮ್ಮ ರೈತನು ಚಳಿಗಾಲದಲ್ಲಿ ಹುಲ್ಲು ಕೂಡಿಟ್ಟು ಬೇಸಿಗೆಯನ್ನು ದಾಟಬೇಕಾಗಿದೆ. ಋತು ತಿರುವುಮುರುವಾದರೂ ಧರ್ಮವೊಂದೇ.

ಆದ್ದರಿಂದ ಈ ತಿಂಗಳಿನಲ್ಲಿ ಹುಲ್ಲನ್ನು ಸುಡದೆ ಒಣಗಿಸಿ ಒಟ್ಟುವುದು, ಒಂದು ಭಾಗವನ್ನು ಯೂರಿಯಾದಿಂದ ಹದಗೊಳಿಸುವುದು, ಎಳಗರುವಿಗೆ ಗಿಣ್ಣು ಮತ್ತು ಬೆಚ್ಚನೆಯ ಹಾಸನ್ನು ಒದಗಿಸುವುದು, ಲಸಿಕೆಯನ್ನು ತಪ್ಪಿಸದಿರುವುದು, ತೋಟ ಮಾಡುವವನು ಮೇವಿಗಾಗಿ ಕೆಲವು ಗುಂಟೆಗಳನ್ನಾದರೂ ಮೀಸಲಿಡುವುದು, ಈ ಐದು ಕಾರ್ಯಗಳು ಹೆಚ್ಚು ಬಂಡವಾಳವನ್ನು ಬೇಡದೆ ಹೆಚ್ಚು ಫಲವನ್ನು ಕೊಡತಕ್ಕವು. ಅವುಗಳಿಗೆ ಬೇಕಾದುದು ಸಕಾಲದ ಶ್ರಮ. ಆ ಶ್ರಮದ ಬಹುಪಾಲು ಮನೆಯ ಹೆಂಗಸರದಾಗಿರುವುದರಿಂದ, ಸಂಘದ ಸದಸ್ಯತ್ವದಲ್ಲಿಯೂ ಹಾಲಿನ ಹಣದ ವಿನಿಯೋಗದಲ್ಲಿಯೂ ತರಬೇತಿಯಲ್ಲಿಯೂ ಅವರಿಗೆ ಸಮಪಾಲು ದೊರೆಯುವುದು ನ್ಯಾಯ ಮಾತ್ರವಲ್ಲ, ವಿವೇಕವೂ ಹೌದೆಂದು ನಾವು ಭಾವಿಸುತ್ತೇವೆ. ಗೋದಲಿಯು ತುಂಬಿದ್ದರೆ ಗಡಿಗೆಯು ತುಂಬೀತು. ಗೋದಲಿಯನ್ನು ತುಂಬುವ ಕೈಗಳನ್ನು ಮರೆತ ಯೋಜನೆಯು ಬಹುಕಾಲ ನಿಲ್ಲಲಾರದು.